ಬಹುವಚನದ ಮನೆ

ನಮ್ಮದು ಬಹುವಚನದ ಮನೆ. ನಮ್ಮ ಊರಿನಲ್ಲಿ ಉಳಿದ ಮನೆಗಳನ್ನು ಬಾಗಿಲಿನ ಬಣ್ಣದಿಂದಲೋ ಜಗಲಿಯ ಅಗಲದಿಂದಲೋ ಗುರುತಿಸುತ್ತಾರೆ. ನಮ್ಮ ಮನೆಯನ್ನು ಗುರುತಿಸುವುದು ಮಾತಿನಿಂದ. ನಾಲ್ಕು ತಲೆಮಾರಿನಿಂದ ಆ ಹೊಸ್ತಿಲಿನ ಒಳಗೆ ಯಾರೂ ಯಾರನ್ನೂ ನೀನು ಎಂದಿಲ್ಲ. ಮುತ್ತಜ್ಜ ಗಾಡಿಯ ಕುದುರೆಗೆ "ಸ್ವಲ್ಪ ನಿಧಾನವಾಗಿ ನಡೆಯಿರಿ" ಎನ್ನುತ್ತಿದ್ದರು. ಸೋದರತ್ತೆ ಹಾಲಿನ ಹೊತ್ತಿಗೆ ಬರುವ ಬೆಕ್ಕಿಗೆ "ಬನ್ನಿ, ಆರಿದೆ" ಎನ್ನುತ್ತಿದ್ದರು. ತೊಟ್ಟಿಲಿನಲ್ಲಿ ಮಲಗಿದ್ದ ನನಗೆ ಕೇಳಿಸಿದ ಮೊದಲ ಮಾತು "ಯಾಕೆ ಅಳುತ್ತೀರಿ" ಎಂಬುದಂತೆ. ಊರಿನವರು ನಕ್ಕರು. ನಕ್ಕವರನ್ನೂ ನಾವು ಬಹುವಚನದಲ್ಲೇ ಮಾತನಾಡಿಸಿದೆವು.

ಅಕ್ಕನೂ ನಾನೂ ಕಾನ್ವೆಂಟಿನಲ್ಲಿ ಓದಿದವರು. ಅಲ್ಲಿ ಒಂದು ತಲೆಕಟ್ಟು ಬಿಟ್ಟುಹೋದರೆ ಇಡೀ ಪುಟವನ್ನು ಮತ್ತೆ ಬರೆಯಬೇಕಿತ್ತು. ವ್ಯಾಕರಣದ ಸಿಸ್ಟರು ಕಪ್ಪುಹಲಗೆಯ ಮೇಲೆ ಒಂದೇ ಒಂದು ಪದ ಬರೆದು, ಕೈಯ ಸುಣ್ಣದ ಪುಡಿ ಕೊಡವಿಕೊಂಡು ನಮ್ಮ ಕಡೆ ತಿರುಗುತ್ತಿದ್ದರು. "ಅರ್ಥ ಆಮೇಲೆ. ಇದನ್ನು ಯಾರು ಹೇಳಿದರು? ಮೊದಲು ಅದನ್ನು ಕೇಳಿಕೊಳ್ಳಿ." ಆ ಪ್ರಶ್ನೆಯನ್ನು ನಾನು ಈ ವಯಸ್ಸಿನವರೆಗೂ ಮರೆತಿಲ್ಲ. ನನ್ನ ಅಕ್ಕನ ಕೊನೆಯ ದಿನಗಳು ಒಂದು ಪದದ ಮೇಲೆ ನಿಂತವು. ಅದನ್ನು ಓದಿದವರು ಆ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಊರು ಬೆಟ್ಟದ ಬುಡದಲ್ಲಿದೆ. ಬೆಟ್ಟದ ತುದಿಯಲ್ಲಿ ಆರೈಕೆಮನೆ. ಆ ಬೆಟ್ಟಕ್ಕೆ ಬಸ್ಸೊಂದನ್ನು ಬಿಟ್ಟು ಯಾವ ವಾಹನವೂ ಏರಕೂಡದು. ಕಾರು, ಗಾಡಿ, ಸೈಕಲ್ಲು, ಪಲ್ಲಕ್ಕಿ, ಎಲ್ಲವೂ ಬುಡದ ಮೈದಾನದಲ್ಲಿ ನಿಲ್ಲಬೇಕು. ಮೈದಾನದ ನಡುವೆ ಒಂದು ಬೇವಿನ ಮರ. ಮರಕ್ಕೆ ಹೊಡೆದ ಹಲಗೆಯಲ್ಲಿ ಸಾಲು ಸಾಲು ಮೊಳೆ. ಬೀಗದ ಕೀಲಿಯನ್ನು ಮೊಳೆಗೆ ನೇತುಹಾಕಬೇಕು, ಬಸ್ಸು ಹತ್ತಬೇಕು, ಎಲ್ಲರ ಜೊತೆ ಏರಬೇಕು. ವಾಹನ ಕೆಳಗೆ, ಮನುಷ್ಯ ಮೇಲೆ.

ಈ ಕಟ್ಟಳೆ ಬಂದ ದಿನ ದೊಡ್ಡ ಮನೆಗಳವರು ಮುಖ ತಿರುಗಿಸಿದರಂತೆ. ಕಂಡಕಂಡವರ ಮೊಣಕೈ ತಗಲಿಸಿಕೊಂಡು ಹೋಗಬೇಕೇ ಎಂದರಂತೆ. ಮೊದಲು ಗಾಡಿ ನಿಲ್ಲಿಸಿ ಕುದುರೆ ಬಿಚ್ಚಿದವರು ನಮ್ಮ ಮುತ್ತಜ್ಜ. ಬಸ್ಸಿನಲ್ಲಿ ಮುಂದಿನ ಸೀಟು ಬಿಟ್ಟುಕೊಟ್ಟರೆ ಅವರು ಒಲ್ಲೆನೆಂದು ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲಿ ಕೂತರು. ಅಂದಿನಿಂದ ಆ ಸೀಟು ನಮ್ಮದು. ಹೊಂಡ ಬಂದಾಗಲೆಲ್ಲ ಅಲ್ಲಿ ಕೂತವರು ಒಂದು ಗೇಣು ಮೇಲೆ ಹಾರುತ್ತಾರೆ. ಬೆನ್ನು ನೆಟ್ಟಗಿಟ್ಟುಕೊಂಡು ಹಾರುವುದನ್ನು ನಮಗೆ ಚಿಕ್ಕಂದಿನಲ್ಲೇ ಕಲಿಸಿದ್ದರು.

ಎರಡನೆಯ ಕಟ್ಟಳೆ ಇದಕ್ಕಿಂತ ವಿಚಿತ್ರ. ಬೆಟ್ಟದ ಮೇಲೆ ರೋಗಿಯ ಮಾತು ಕೇಳಿಸುವುದಿಲ್ಲ. ಮೂರನೆಯ ತಿರುವು ದಾಟಿದೊಡನೆ ಅವರ ದನಿ ಗಾಳಿಗೆ ಹೋಗುತ್ತದೆ. ತುಟಿ ಆಡುತ್ತದೆ, ಏನೂ ಕೇಳಿಸುವುದಿಲ್ಲ. ಜೊತೆಗೆ ಬಂದ ನೆಂಟರ ಮಾತು ಕೇಳಿಸುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಚೀಟಿ ಮಾತ್ರ. ಮೈದಾನದ ಕಿಂಡಿಯಲ್ಲಿ, ಬಸ್ಸು ಹತ್ತುವ ಮೊದಲು, ಸ್ವಂತ ಬಾಯಿಂದ ಹೇಳಿ ಬರೆಸಿದ ಚೀಟಿ. ಇನ್ನು ವಾಸಿಯಾಗುವುದಿಲ್ಲ ಎಂದು ಬೆಟ್ಟದವರಿಗೇ ಖಚಿತವಾದ ದಿನ ಅದನ್ನು ಬಿಚ್ಚಿ ಓದುತ್ತಾರೆ. ಅದರಲ್ಲಿ ಏನಿದೆಯೋ ಅದನ್ನು ಮಾಡುತ್ತಾರೆ. ಆ ಚೀಟಿಯಲ್ಲಿ ಒಂದು ಪದಕ್ಕೆ ಮಾತ್ರ ಜಾಗ. ಏರುವವರಿಗೆ ಒಂದು ಪದಕ್ಕಾಗುವಷ್ಟೇ ಉಸಿರಿರುತ್ತದೆ ಎಂದು ಹಿಂದೆ ಯಾರೋ ತೀರ್ಮಾನಿಸಿದ್ದರಂತೆ. ಆ ಯಾರೋ ಎಂದೂ ಬೆಟ್ಟ ಏರಿದವರಲ್ಲ ಎಂಬುದು ನನ್ನ ಅಭಿಪ್ರಾಯ.

ಹೆಚ್ಚಿನವರು ಬರೆಸುವುದೇ ಇಲ್ಲ. ಅವಸರದಲ್ಲಿ ಬರುತ್ತಾರೆ, ಕೀಲಿ ಎಸೆಯುತ್ತಾರೆ, ಖಾಲಿ ಚೀಟಿ ಹಿಡಿದು ಏರುತ್ತಾರೆ. ಖಾಲಿ ಚೀಟಿಗೆ ಬೆಟ್ಟದ ಇಷ್ಟ.

ಅಕ್ಕ ಚೀಟಿ ಬರೆಸಿದ್ದು ಒಂದು ಬುಧವಾರ ಬೆಳಿಗ್ಗೆ. ಅವರಿಗೆ ಆಗ ನೆಗಡಿಯೂ ಇರಲಿಲ್ಲ.

"ಮೈಯಲ್ಲಿ ಏನೂ ಇಲ್ಲದಾಗ ಇದೆಂಥ ಅಪಶಕುನ?" ಎಂದೆ.

"ಏನೂ ಇಲ್ಲದಾಗಲೇ ಬರೆಸಬೇಕು, ತಂಗಿ. ಏನಾದರೂ ಬಂದ ಮೇಲೆ ಭಯ ಬರೆಸುತ್ತದೆ. ನಾನು ಬರೆಸಿದ ಹಾಗೆ ಆಗುವುದಿಲ್ಲ."

ಮೈದಾನದವರೆಗೂ ಅವರು ತಮ್ಮ ಮನಸ್ಸನ್ನು ಒಂದೊಂದಾಗಿ ನನಗೆ ಹೇಳಿದರು, ಮನೆಗೆ ತರಬೇಕಾದ ಸಾಮಾನು ಹೇಳುವವರಂತೆ. "ವಾಸಿಯಾಗುವ ಹಾಗಿದ್ದರೆ ಏನು ಬೇಕಾದರೂ ಮಾಡಲಿ. ನೋವಿಗೆ ಔಷಧ ಕೊಡಲಿ, ಎಷ್ಟು ಬೇಕೋ ಅಷ್ಟು ಕೊಡಲಿ. ವಾಸಿಯಾಗುವುದಿಲ್ಲ ಎಂದು ಗೊತ್ತಾದ ಮೇಲೆ ಮೂಗಿಗೆ ಪೈಪು ಹಾಕಿ ಗಂಜಿ ಹೊಯ್ಯಬಾರದು. ಕಿಟಕಿ ತೆರೆದಿರಬೇಕು. ಬಸ್ಸಿನ ಹಾರನ್ನು ಕೇಳಿಸುತ್ತಿರಬೇಕು. ನೆನಪಿಟ್ಟುಕೊಳ್ಳುತ್ತೀರಾ?"

"ನನ್ನ ನೆನಪು ಬೆಟ್ಟದಲ್ಲಿ ನಡೆಯುವುದಿಲ್ಲವಲ್ಲ."

"ಅದಕ್ಕೇ ಹೊರಟಿರುವುದು" ಎಂದರು.

ಕಿಂಡಿಯ ಹಿಂದೆ ಚೀಟಿ ಬರೆಯುವ ಹಿರಿಯರು ಕೂತಿದ್ದರು. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದರು. "ಒಂದು ಪದ, ಅಮ್ಮಾ" ಎಂದರು.

"ಬೇಡ ಎಂದು ಬರೆಯಿರಿ" ಎಂದರು ಅಕ್ಕ.

ಇಲ್ಲಿ ನಾನು ಬಾಯಿ ಹಾಕಿದೆ. ಅದನ್ನು ಮುಚ್ಚಿಡುವುದಿಲ್ಲ. "ಬೇಡ ಎನ್ನುವುದು ನಮ್ಮ ಮನೆಯ ಮಾತೇ? ಬಡಿಸುವವರ ಮುಖಕ್ಕೆ ಯಾರಾದರೂ ಬೇಡ ಎನ್ನುತ್ತಾರೆಯೇ? ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎನ್ನಬೇಕು. ಅತ್ತೆ ಕಲಿಸಿದ್ದು ಮರೆತಿರಾ?"

ಅಕ್ಕ ನಕ್ಕರು. "ನಿಮ್ಮ ಮಾತೂ ಸರಿಯೇ. ಊಟ ಚೆನ್ನಾಗಿತ್ತು, ಸಾಕು. ಹಾಗೆ ಬರೆಯಿರಿ."

"ಊಟ ಚೆನ್ನಾಗಿತ್ತು ಇದ್ರಲ್ಲಿ ಹಿಡಿಸೋದಿಲ್ಲಮ್ಮಾ. ಸಾಕು ಅಂತ ಬರೀತೀನಿ."

ಬರೆದರು. ಎರಡೇ ಅಕ್ಷರ. ಶಾಯಿ ಆರುವವರೆಗೆ ಅಕ್ಕ ಅದನ್ನು ಗಾಳಿಗೆ ಹಿಡಿದು ನಿಂತರು. ಆಮೇಲೆ ಬೇವಿನ ಮರದ ಕೆಳಗೆ ಹೋದರು. ಅಲ್ಲಿ ಒಂದು ಕಲ್ಲಿನ ದೇವರಿದ್ದಾರೆ. ಹೊತ್ತು ಏರಿ ದೇವರ ಮುಖಕ್ಕೆ ಬಿಸಿಲು ಬಿದ್ದಿತ್ತು. ಅಕ್ಕ ಬಗ್ಗಿ, "ನಿಮಗೆ ಬಿಸಿಲು ತಾಗುತ್ತಿದೆ. ಸ್ವಲ್ಪ ಸಹಿಸಿಕೊಳ್ಳಿ, ಏನಾದರೂ ಮಾಡುತ್ತೇನೆ" ಎಂದು ಹೇಳಿ ಒಂದು ಬೇವಿನ ಸೊಪ್ಪಿನ ಟೊಂಗೆಯನ್ನು ಮರೆಯಾಗಿ ನಿಲ್ಲಿಸಿದರು.

ಬಸ್ಸಿನ ಮೆಟ್ಟಿಲಿನಲ್ಲಿ ನಿಂತಿದ್ದ ಕಂಡಕ್ಟರು ಇದನ್ನೆಲ್ಲ ನೋಡುತ್ತಿದ್ದರು. "ಅಮ್ಮಾವ್ರೇ, ಲೋಕವೆಲ್ಲ ದೇವ್ರಿಗೆ ನೀನು ಅನ್ನುತ್ತೆ. ನೀವು ನೀವು ಅಂದ್ರೆ, ಯಾರೋ ಬೇರೆಯವರು ಬಂದಿದ್ದಾರೆ ಅಂತ ಅವ್ರು ಹಿಂದೆ ತಿರುಗಿ ನೋಡೋದಿಲ್ವಾ?"

"ನೋಡಲಿ" ಎಂದರು ಅಕ್ಕ. "ಆಗಲಾದರೂ ಒಂದು ಸಲ ತಿರುಗಿದ ಹಾಗಾಗುತ್ತದೆ."

ಏಳು ವರ್ಷ ಆ ಚೀಟಿ ಅಕ್ಕನ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಮಲಗಿತ್ತು. ಎಂಟನೆಯ ವರ್ಷ, ಮಧ್ಯಾಹ್ನ ಹೂ ಬಿಡಿಸುತ್ತಿದ್ದವರು ಬುಟ್ಟಿಯ ಮೇಲೆಯೇ ಒರಗಿದರು. ಅರ್ಧ ಮುಖ ನಿದ್ದೆಹೋಗಿತ್ತು. ಕಾರಿನಲ್ಲಿ ಕೂರಿಸಿಕೊಂಡು ಮೈದಾನಕ್ಕೆ ತಂದೆ. ಕಾರು ನಿಲ್ಲಿಸಿದೆ. ಕೀಲಿಯನ್ನು ಮೊಳೆಗೆ ಹಾಕಿದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡು ಅಕ್ಕ ಏರಿದರು. ಎರಡನೆಯ ತಿರುವಿನಲ್ಲಿ "ನಿಮ್ಮ ಕಾಲು ಜೋಮು ಹಿಡಿಯಿತೇ?" ಎಂದು ತೊದಲಿದರು. ಮೂರನೆಯ ತಿರುವಿನಲ್ಲಿ ತುಟಿ ಮಾತ್ರ ಆಡಿತು.

ಬೆಟ್ಟದ ಮೇಲೆ ಎಲ್ಲರೂ ಏಕವಚನದಲ್ಲಿ ಮಾತನಾಡುತ್ತಾರೆ. ಇದು ಅಲ್ಲಿಯ ಕಟ್ಟಳೆಯೋ ಅಭ್ಯಾಸವೋ ನನಗೆ ತಿಳಿಯದು. ಬಿಳಿಯುಡುಗೆಯವರು ಬಂದು "ಇವಳ ಚೀಟಿ ಎಲ್ಲಿ?" ಎಂದರು. "ಬಾಯಿ ತೆಗೆ" ಎಂದರು. "ಮಗ್ಗುಲಾಗು" ಎಂದರು. ಅರವತ್ತೆಂಟು ವರ್ಷ ಯಾರ ಬಾಯಲ್ಲೂ ನೀನು ಎನ್ನಿಸಿಕೊಳ್ಳದ ಅಕ್ಕ, ಯಾರನ್ನು ಕರೆಯುತ್ತಿದ್ದಾರೆ ಎಂದು ತಿಳಿಯದೆ ಅತ್ತ ಇತ್ತ ನೋಡಿದರು.

ಇಪ್ಪತ್ತೊಂದು ದಿನ ಔಷಧ ನಡೆಯಿತು. ಅದರಲ್ಲಿ ನನ್ನ ದೂರಿಲ್ಲ. ಇಪ್ಪತ್ತೆರಡನೆಯ ದಿನ, ಇನ್ನು ವಾಸಿಯಾಗುವುದಿಲ್ಲ ಎಂದು ಅವರೇ ಹೇಳಿದರು. ಚೀಟಿ ಓದುವವರು ಬಂದರು. ಬೆಟ್ಟದಲ್ಲಿ ಅವರ ಮಾತೇ ಕೊನೆಯದು. ಎತ್ತರದ ಮನುಷ್ಯರು, ಕೈಬೆರಳು ಬಹಳ ಚೊಕ್ಕಟ. ಚೀಟಿ ಬಿಚ್ಚಿದರು. ಬೆಳಕಿಗೆ ಹಿಡಿದರು.

"ಸಾಕು" ಎಂದು ಓದಿದರು. ತಲೆಯಾಡಿಸಿದರು. "ಸಾಕು ಅಂತ ಹೇಳಿದ್ದಾಳೆ. ಸಾಕೋಣ."

ನಾನು ಏನಾಯಿತೆಂದು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಪೈಪು ಬಂತು. ಅಕ್ಕನ ಮೂಗಿನಿಂದ ಹೊಟ್ಟೆಗೆ ಇಳಿಸಿದರು. ಗಂಜಿ ಹೊಯ್ದರು. ಕೈಗಳನ್ನು ಮಂಚದ ಕಂಬಿಗೆ ಬಟ್ಟೆಯಲ್ಲಿ ಕಟ್ಟಿದರು. ಸಾಕಿಸಿಕೊಳ್ಳುವವರಿಗೆ ಗಾಳಿ ಆಗದು ಎಂದು ಕಿಟಕಿ ಮುಚ್ಚಿದರು.

"ತಪ್ಪು ಓದಿದ್ದೀರಿ" ಎಂದೆ. "ಅದು ಊಟದ ಎಲೆಯ ಮುಂದೆ ಹೇಳುವ ಸಾಕು. ಇನ್ನು ಬಡಿಸಬೇಡಿ ಎಂದು ಅದರ ಅರ್ಥ. ನೀವು ಕೋಳಿ ಸಾಕುವ, ನಾಯಿ ಸಾಕುವ ಸಾಕು ಎಂದು ಓದಿದ್ದೀರಿ. ನಮ್ಮ ಮನೆಯ ಹಿರಿಯರನ್ನು ಸಾಕುಪ್ರಾಣಿ ಮಾಡಿದ್ದೀರಿ."

"ಎರಡು ಅರ್ಥ ಇದ್ದ ಕಡೆ ಬೆಟ್ಟ ಸಾಕುವ ಅರ್ಥವನ್ನೇ ಓದುತ್ತೆ. ಚೀಟಿ ಬರೆದವರನ್ನ ಬೆಟ್ಟ ಕೇಳೋದಿಲ್ಲ. ನೆಂಟರ ಮಾತು ಲೆಕ್ಕಕ್ಕಿಲ್ಲ. ಕೂತ್ಕೋ."

ನಾನು ಕೂರಲಿಲ್ಲ. ಕೂತುಕೊಳ್ಳಿ ಎನ್ನುವವರೆಗೆ ಬೆಟ್ಟದ ಮೇಲೆ ಕೂರುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ.

ನಲವತ್ತು ದಿನ. ಕಾರು ಮೈದಾನದಲ್ಲಿ, ಕೀಲಿ ಮೊಳೆಯಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಬಸ್ಸು ಏರಿತು. ಅಕ್ಕನ ಮಂಚದ ಪಕ್ಕ ನಿಂತೆ. ಅವರ ಬಲಗೈ ಬಟ್ಟೆಯ ಕಟ್ಟಿನೊಳಗೆ ಮತ್ತೆ ಮತ್ತೆ ಮೇಲೆದ್ದು ಅಡ್ಡವಾಗುತ್ತಿತ್ತು, ಗಂಜಿ ಬರುವ ಹೊತ್ತಿಗೆ ಸರಿಯಾಗಿ. ಎಲೆಯ ಮೇಲೆ ಹಿಡಿಯುವ ಕೈ. ಬಿಳಿಯುಡುಗೆಯವರು ಅದನ್ನು ನಡುಕ ಎಂದು ಬರೆದುಕೊಂಡರು. ಬಸ್ಸು ಇಳಿಯಿತು. ಮರುದಿನ ಕಾರು ಮೈದಾನದಲ್ಲಿ, ಕೀಲಿ ಮೊಳೆಯಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಬಸ್ಸು ಏರಿತು.

ಪ್ರತಿದಿನ ಬರುವವರಲ್ಲಿ ಹೊಲಿಗೆಯಮ್ಮ ಒಬ್ಬರು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮಾತನಾಡುವವರು. ಅವರ ಗಂಡ ಒಂದು ವರ್ಷದಿಂದ ಬೆಟ್ಟದಲ್ಲಿದ್ದರು. ಮೊದಲ ವಾರ ನಾನು ಅವರ ಗಂಟು ನನ್ನ ಸೀರೆಗೆ ತಗಲದ ಹಾಗೆ ಸರಿದು ಕೂರುತ್ತಿದ್ದೆ. ಎರಡನೆಯ ವಾರ ಅವರೇ ಕೇಳಿದರು, "ದಿನಾ ಅಲ್ಲಿ ಏನು ಜಗಳ ಅಮ್ಮಾವ್ರೇ?"

ಹೇಳಿದೆ. ಇಡೀ ಬಸ್ಸು ಕೇಳಿಸಿಕೊಂಡಿತು.

ಹೊಲಿಗೆಯಮ್ಮ ಸೂಜಿಯನ್ನು ಬಾಯಿಂದ ತೆಗೆದು ಸೆರಗಿಗೆ ಚುಚ್ಚಿಕೊಂಡರು. "ನಮ್ಮೋರ ಚೀಟಿ ಖಾಲಿ. ಯಾವತ್ತು ಕೇಳಿದ್ರೂ, ಹಾಳು ಮಾತು ಯಾಕೆ ಆಡ್ತೀಯ ಅಂತಿದ್ರು. ನಿಮಗೆ ಜಗಳ ಆಡೋಕೆ ಒಂದು ಪದ ಆದ್ರೂ ಇದೆ. ನಾನು ಏನು ಹಿಡ್ಕೊಂಡು ಜಗಳ ಆಡ್ಲಿ?"

ಮರುದಿನದಿಂದ ಅವರ ಗಂಟನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡೆ.

ಕಂಡಕ್ಟರು ಮಾತ್ರ ನನ್ನನ್ನು ಕೆಣಕದೆ ಬಿಡುತ್ತಿರಲಿಲ್ಲ. "ಇವತ್ತೂ ವ್ಯಾಕರಣಾನಾ ಅಮ್ಮಾವ್ರೇ?" ಎನ್ನುತ್ತಿದ್ದರು.

"ಇವತ್ತೂ ವ್ಯಾಕರಣವೇ" ಎನ್ನುತ್ತಿದ್ದೆ.

"ಇನ್ನೊಂದು ತಿಂಗಳು ಹೀಗೇ ಹೋದ್ರೆ ನನ್ನ ಬಸ್ಸೇ ಪರೀಕ್ಷೆ ಕಟ್ಟುತ್ತೆ ನೋಡಿ."

ಮೂವತ್ತೊಂಬತ್ತನೆಯ ದಿನ ಓದುವವರ ಕೋಣೆಗೆ ಹೋದೆ. ಅವರು ಚೀಟಿಗಳನ್ನು ಪೇರಿಸುತ್ತಿದ್ದರು. ತಲೆ ಎತ್ತದೆ "ಬಾ" ಎಂದರು. ನಾನು ಕಪ್ಪುಹಲಗೆಯ ಮುಂದೆ ನಿಂತ ಹಾಗೆ ನಿಂತೆ.

"ನನ್ನ ನೆನಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಚೀಟಿಯನ್ನೇ ಓದಿ. ಪೋಷಿಸು ಎಂಬ ಅರ್ಥದ ಸಾಕು ಯಾವ ಪದ? ಕ್ರಿಯಾಪದ. ವಿಧ್ಯರ್ಥ, ಮಧ್ಯಮಪುರುಷ, ಏಕವಚನ. ಎದುರಿಗಿರುವವರನ್ನು ನೀನು ಎಂದು ಕರೆದು ಅಪ್ಪಣೆ ಮಾಡುವ ಪದ. ನನ್ನ ಅಕ್ಕ ಬೆಕ್ಕಿಗೂ ಬಹುವಚನ ಹಚ್ಚಿದವರು. ತಮ್ಮನ್ನು ಸಾಕಬೇಕೆಂದು ಅವರು ಹೇಳಬೇಕಿದ್ದರೆ ಸಾಕಿರಿ ಎಂದು ಬರೆಸುತ್ತಿದ್ದರು. ಹಾಗೆ ಬರೆಸಿಲ್ಲ. ಇನ್ನು ಉಳಿದ ಸಾಕು ಅವ್ಯಯ. ಬೇಕು, ಬೇಡ, ಸಾಕು. ಅದಕ್ಕೆ ಏಕವಚನವೂ ಇಲ್ಲ, ಬಹುವಚನವೂ ಇಲ್ಲ. ನಮ್ಮ ಮನೆಯವರ ಬಾಯಲ್ಲಿ ಆ ಎರಡಕ್ಷರ ಅವ್ಯಯ ಮಾತ್ರ ಆಗಬಹುದು. ಎರಡು ಅರ್ಥ ಇದ್ದ ಕಡೆ ಎಂದಿರಿ. ಇಲ್ಲಿ ಎರಡು ಇಲ್ಲ. ಒಂದೇ ಇದೆ."

ಅವರು ಪೇರಿಸುವುದನ್ನು ನಿಲ್ಲಿಸಿದರು. ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿದರು. ಆಮೇಲೆ ನಕ್ಕರು.

"ಇಲ್ಲಿಗೆ ಬರೋರನ್ನ ನಾನು ದಿನಾ ನೋಡ್ತೀನಿ. ಭಯ ಬಂದಾಗ ಮನುಷ್ಯ ಮೊದಲು ಬಿಡೋದು ಬಹುವಚನವನ್ನ. ಅರಸರೂ ಬಿಡ್ತಾರೆ. ನಿನ್ನ ಅಕ್ಕ ಚೀಟಿ ಬರೆಸೋವಾಗ ಸಾವು ನೆನೆದು ಹೆದರಿದ್ದಾಳೆ. ದೇವರನ್ನ ನೆನೆದಿದ್ದಾಳೆ. ದೇವರಿಗೆ ಯಾರೂ ನೀವು ಅನ್ನೋದಿಲ್ಲ. ದೇವರೇ, ನನ್ನನ್ನ ಸಾಕು, ಅಂತ ಬೇಡಿಕೊಂಡಿದ್ದಾಳೆ. ನಿನ್ನ ವ್ಯಾಕರಣ ಸರಿ. ನಿನ್ನ ಅಕ್ಕನೇ ಜಾರಿದ್ದು."

"ನನ್ನ ಅಕ್ಕ ದೇವರಿಗೂ ನೀವು ಎನ್ನುವವರು."

"ನೆಂಟರ ಮಾತು ಲೆಕ್ಕಕ್ಕಿಲ್ಲ. ಅದನ್ನು ಕಿವಿಯಾರೆ ಕೇಳಿದ ಹೊರಗಿನವರು ಒಬ್ಬರನ್ನ ಕರ್ಕೊಂಡು ಬಾ. ಆಗ ನೋಡೋಣ."

ಇಳಿಯುವ ಬಸ್ಸು ಹತ್ತಿದೆ. ಹೊಲಿಗೆಯಮ್ಮ ನನ್ನ ಕೈಯನ್ನು ಹಿಡಿದುಕೊಂಡರು. ನಾನು ಬಿಡಿಸಿಕೊಳ್ಳಲಿಲ್ಲ. ಎರಡನೆಯ ತಿರುವಿನ ಹತ್ತಿರ ಕಂಡಕ್ಟರು ಬಂದು ಸೀಟಿನ ಕಂಬಿ ಹಿಡಿದು ನಿಂತರು.

"ಏನಂದ್ರಂತೆ?"

ಹೇಳಿದೆ. ಅಕ್ಕ ಹೆದರಿ ಬೇಡಿಕೊಂಡರಂತೆ ಎಂದೆ. ದೇವರಿಗೆ ನೀನು ಅಂದರಂತೆ ಎಂದೆ.

ಕಂಡಕ್ಟರು ಆ ದಿನ ಕೆಣಕಲಿಲ್ಲ. ಮುಂದೆ ಹೋಗಿ ಬಾಗಿಲಿನಲ್ಲಿ ನಿಂತು ಮೈದಾನ ಬರುವವರೆಗೂ ಹೊರಗೆ ನೋಡಿದರು.

ಬಸ್ಸಿನವರು ಆರೈಕೆಮನೆಯ ಗೇಟು ದಾಟಕೂಡದು. ಅದೂ ಒಂದು ಕಟ್ಟಳೆ. ಬಸ್ಸು ಗೇಟಿನ ಹೊರಗೆ ತಿರುಗುತ್ತದೆ, ಹೊರಗಿನಿಂದಲೇ ಹಿಂದಿರುಗುತ್ತದೆ. ನಲವತ್ತನೆಯ ದಿನ ಬಸ್ಸು ತಿರುಗಲಿಲ್ಲ. ಕಂಡಕ್ಟರು ಚರ್ಮದ ಚೀಲವನ್ನು ಹೆಗಲಿಗೆ ಏರಿಸಿ ಕೆಳಗಿಳಿದರು. ಡ್ರೈವರಿಗೆ "ಇಂಜಿನ್ನು ಆರಿಸಬೇಡಿ ಅಣ್ಣಾ" ಎಂದರು. ಗೇಟು ದಾಟಿದರು. ಅವರ ಹಿಂದೆ ನಾನು. ನನ್ನ ಹಿಂದೆ ಹೊಲಿಗೆಯಮ್ಮ. ಅವರ ಹಿಂದೆ ಬಸ್ಸಿಗೆ ಬಸ್ಸೇ.

ಓದುವವರು ಎದ್ದು ನಿಂತರು. "ನೀನು ಯಾರು?"

"ಕಂಡಕ್ಟರು. ನೀನು ಯಾರು ಅಂತ ನಾನು ನಿಮ್ಮನ್ನ ಕೇಳಲಿಲ್ಲ, ಅದು ನನ್ನ ಮರ್ಯಾದೆ."

"ಬಸ್ಸಿನೋನು ಗೇಟು ದಾಟೋ ಹಾಗಿಲ್ಲ."

"ದಾಟಿ ಆಯ್ತಲ್ಲ. ಈಗ ಕೇಳಿ. ಆ ಅಮ್ಮಾವ್ರು ಚೀಟಿ ಬರೆಸಿದ ದಿನ ನಾನು ಮೆಟ್ಟಿಲ ಮೇಲಿದ್ದೆ. ಅವ್ರಿಗೆ ಹೆದರಿಕೆ ಇರಲಿಲ್ಲ. ನಗ್ತಾ ಇದ್ರು. ಬೇವಿನ ಮರದ ಕೆಳಗಿನ ದೇವ್ರಿಗೆ, ನಿಮಗೆ ಬಿಸಿಲು ತಾಗುತ್ತಿದೆ, ಸ್ವಲ್ಪ ಸಹಿಸಿಕೊಳ್ಳಿ, ಅಂದ್ರು. ಸಹಿಸಿಕೊಳ್ಳಿ. ಸಹಿಸಿಕೋ ಅನ್ನಲಿಲ್ಲ. ನಾನು ಗೇಲಿ ಮಾಡಿದೆ. ಅವ್ರು ನನಗೂ ತಿರುಗಿಸಿ ಕೊಟ್ರು. ಏಳು ವರ್ಷ ಆಯ್ತು, ಆ ಮಾತು ಹೇಳ್ಕೊಂಡು ನಾನು ನಗದೆ ಇದ್ದ ದಿನ ಇಲ್ಲ. ನಾನು ಅವ್ರ ನೆಂಟ ಅಲ್ಲ. ಅವ್ರ ಮನೆ ಹೊಸ್ತಿಲು ತುಳಿದೋನೂ ಅಲ್ಲ. ನನ್ನ ಮಾತು ಲೆಕ್ಕಕ್ಕೆ ಬರುತ್ತೋ ಇಲ್ವೋ?"

ಹೊರಗೆ ಬಸ್ಸಿನ ಇಂಜಿನ್ನು ನಡುಗುವುದು ಕೇಳಿಸುತ್ತಿತ್ತು. ಓದುವವರು ಅಕ್ಕನ ಚೀಟಿಯನ್ನು ರಾಶಿಯಿಂದ ಹುಡುಕಿ ತೆಗೆದರು. ಬೆಳಕಿಗೆ ಹಿಡಿದರು. ಮಗುಚಿದರು. ಮತ್ತೆ ಹಿಡಿದರು. ಎರಡೇ ಅಕ್ಷರ ಓದಲು ಅಷ್ಟು ಹೊತ್ತು ತೆಗೆದುಕೊಂಡವರನ್ನು ನಾನು ನೋಡಿಲ್ಲ.

ಆಮೇಲೆ ಬಿಳಿಯುಡುಗೆಯವರ ಕಡೆ ತಿರುಗಿ, "ಪೈಪು ತೆಗೆ. ಕಿಟಕಿ ತೆಗೆ" ಎಂದರು. ನನ್ನ ಕಡೆ ತಿರುಗಲಿಲ್ಲ.

ಪೈಪು ತೆಗೆದರು. ಕೈಯ ಕಟ್ಟು ಬಿಚ್ಚಿದರು. ನೋವಿಗೆ ಔಷಧ ಕೊಟ್ಟರು. ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು. ಹೊಲಿಗೆಯಮ್ಮ ತಮ್ಮ ಕತ್ತರಿಯಿಂದ ಮೀಟಿ ತೆರೆದರು. ಗಾಳಿ ಬಂತು. ಕೆಳಗೆ ತಿರುವಿನಲ್ಲಿ, ಇಳಿಯುತ್ತಿದ್ದ ಬಸ್ಸಿನ ಹಾರನ್ನು ಕೇಳಿಸಿತು. ಡ್ರೈವರು ಬೇಕೆಂದೇ ಉದ್ದವಾಗಿ ಹೊಡೆದರು ಎಂದು ನನಗೆ ಗೊತ್ತು.

ಎರಡು ದಿನ ಅಕ್ಕ ಆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ನಿಂತಿದ್ದೆ. ಎರಡನೆಯ ದಿನ ಬೆಳಿಗ್ಗೆ ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ, "ಅಕ್ಕ, ನೀವು ಬೇಡ ಎಂದು ಸರಿಯಾಗಿಯೇ ಹೇಳಿದ್ದಿರಿ. ತಿದ್ದಿದವಳು ನಾನು. ನನ್ನ ಮರ್ಯಾದೆಯ ಹಟಕ್ಕೆ ನೀವು ನಲವತ್ತು ದಿನ ಗಂಜಿ ಕುಡಿದಿರಿ. ಕ್ಷಮಿಸಿ." ಅವರ ತುಟಿ ಆಡಿತು. ಬೆಟ್ಟದ ಮೇಲೆ ಅದು ಕೇಳಿಸದು. ಆದರೆ ನಾನು ಅರವತ್ತು ವರ್ಷ ಆ ತುಟಿಗಳನ್ನು ನೋಡಿದವಳು. "ಕೂತುಕೊಳ್ಳಿ" ಎಂದರು.

ಕೂತೆ. ಮಂಚದ ಅಂಚಿನಲ್ಲಿ, ಬೆನ್ನು ನೆಟ್ಟಗಿಟ್ಟುಕೊಂಡು.

ಮಧ್ಯಾಹ್ನದ ಬಸ್ಸು ಬರುವ ಹೊತ್ತಿಗೆ ಅಕ್ಕ ಬಲಗೈಯನ್ನು ಎತ್ತಿ, ಅಂಗೈ ಕೆಳಗೆ ಮಾಡಿ, ಎಲೆಯ ಮೇಲೆ ಹಿಡಿಯುವ ಹಾಗೆ ಅಡ್ಡ ಹಿಡಿದರು. ಬಡಿಸಲು ಅಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ಕೈ ಇಳಿಯಿತು.

ಅವರನ್ನು ಇಳಿಸಿಕೊಂಡು ಬಂದ ಮೂರನೆಯ ದಿನ ಬೆಟ್ಟದಿಂದ ಒಂದು ಕಾಗದ ಬಂತು. ಅದರಲ್ಲಿ ಹೀಗಿತ್ತು: "ನಿನ್ನ ಅಕ್ಕ ಮುಗಿದಳು. ಬರೆಸುವಾಗ ಹೆದರಿ ಅಸ್ಪಷ್ಟ ಪದ ಬಳಸಿದ್ದಳು. ಆರೈಕೆಮನೆಯ ತಪ್ಪೇನೂ ಇಲ್ಲ."

ಆ ಕಾಗದವನ್ನು ನಾನು ಹರಿಯಲಿಲ್ಲ. ಕೆಂಪು ಶಾಯಿಯಿಂದ ತಿದ್ದಿದೆ. ನಿನ್ನ ಎಂಬುದನ್ನು ನಿಮ್ಮ ಎಂದು ಮಾಡಿದೆ. ಮುಗಿದಳು ಎಂಬುದನ್ನು ತೀರಿಕೊಂಡರು ಎಂದು ಮಾಡಿದೆ. ಹೆದರಿ ಎಂಬ ಪದಕ್ಕೆ ಅಡ್ಡಗೆರೆ ಎಳೆದೆ. ಕೊನೆಯ ವಾಕ್ಯದ ಕೆಳಗೆ, ಸಿಸ್ಟರು ಬರೆಯುತ್ತಿದ್ದ ಹಾಗೆ, ಮತ್ತೆ ಬರೆಯಿರಿ ಎಂದು ಬರೆದು ಬಸ್ಸಿನಲ್ಲಿ ವಾಪಸು ಕಳಿಸಿದೆ.

ಅದೇ ದಿನ ಮೈದಾನದ ಕಿಂಡಿಗೆ ಹೋದೆ. ನನ್ನ ಮೈಯಲ್ಲೂ ಆಗ ನೆಗಡಿ ಇರಲಿಲ್ಲ.

"ಒಂದು ಪದ, ಅಮ್ಮಾ" ಎಂದರು ಚೀಟಿ ಬರೆಯುವ ಹಿರಿಯರು.

"ಹನ್ನೊಂದು ವಾಕ್ಯ" ಎಂದೆ. "ಬರೆಯಿರಿ."

"ಹಿಡಿಸೋದಿಲ್ಲಮ್ಮಾ."

"ಚೀಟಿಗೆ ಚೀಟಿ ಸೇರಿಸಿ."

ಅವರು ಕನ್ನಡಕದ ದಾರವನ್ನು ಬಿಗಿಮಾಡಿಕೊಂಡರು. ಅತ್ತ ಇತ್ತ ನೋಡಿದರು. ಬರೆದರು. ಯಾವುದು ಬೇಕು, ಯಾವುದು ಎಲ್ಲಿಯವರೆಗೆ ಬೇಕು, ಯಾವುದು ಬೇಡ, ಕಿಟಕಿ ಹೇಗಿರಬೇಕು, ನಾನು ಹೇಳಲಾಗದ ದಿನ ನನ್ನ ಪರವಾಗಿ ಯಾರು ಮಾತನಾಡಬೇಕು, ನನ್ನನ್ನು ಯಾವ ವಚನದಲ್ಲಿ ಮಾತನಾಡಿಸಬೇಕು. ಬೇಡ ಎಂದು ಬರೆಯಬೇಕಾದ ಕಡೆಯೆಲ್ಲ ಬೇಡ ಎಂದೇ ಬರೆಸಿದೆ. ನನ್ನ ಪರವಾಗಿ ಮಾತನಾಡಬೇಕಾದವರ ಜಾಗದ ಮುಂದೆ ಹೊಲಿಗೆಯಮ್ಮ ಎಂದು ಬರೆಸಿದೆ. ಅವರು ನನ್ನ ನೆಂಟರಲ್ಲ. ಅವರೇ ಆ ಚೀಟಿಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ದಪ್ಪ ದಾರದಲ್ಲಿ ಹೊಲಿದುಕೊಟ್ಟರು. ಆಮೇಲೆ ತಮ್ಮದನ್ನೂ ಬರೆಸಿದರು. ಅವರ ಹಿಂದೆ ಡ್ರೈವರು ನಿಂತರು. ಡ್ರೈವರ ಹಿಂದೆ ಸಾಲು ಬೇವಿನ ಮರವನ್ನು ಸುತ್ತಿಹೋಯಿತು.

ಉದ್ದದ ಚೀಟಿಗಳನ್ನು ಓದುವುದಿಲ್ಲ ಎಂದು ಬೆಟ್ಟದಿಂದ ಹೇಳಿಕಳಿಸಿದ್ದಾರೆ. ಈಗ ಅವುಗಳನ್ನು ಕಂಡಕ್ಟರು ಏರುವಾಗ ಬಸ್ಸಿನಲ್ಲೇ ಗಟ್ಟಿಯಾಗಿ ಓದುತ್ತಾರೆ, ಮೂರನೆಯ ತಿರುವಿಗೆ ಮೊದಲು. ಕೇಳಿಸಿಕೊಂಡವರು ಯಾರೂ ಯಾರಿಗೂ ನೆಂಟರಲ್ಲ. ಎಲ್ಲರೂ ಸಾಕ್ಷಿ.

ಬೆಟ್ಟದವರೇ, ಇಷ್ಟು ಬರೆದ ಮೇಲೆ ನನ್ನದು ಒಂದೇ ಮಾತು ಉಳಿದಿದೆ. ನನ್ನ ಪಾಲಿನ ತಪ್ಪಿಗೆ ನಾನು ಅಕ್ಕನ ಮಂಚದ ಪಕ್ಕ ನಿಂತು ಕ್ಷಮೆ ಕೇಳಿದ್ದೇನೆ. ನಿಮ್ಮ ಪಾಲು ಬಾಕಿ ಇದೆ. ನನ್ನ ಅಕ್ಕ ಹೆದರಲಿಲ್ಲ. ಬೇಡಿಕೊಳ್ಳಲಿಲ್ಲ. ಅವರ ಪದ ಸ್ಪಷ್ಟವಾಗಿತ್ತು. ನಿಮ್ಮ ಬಾಯಿಯ ಏಕವಚನವನ್ನು ನೀವು ಅವರ ಬಾಯಿಗೆ ತುರುಕಿದಿರಿ. ಇಳಿದು ಬನ್ನಿ. ಬಸ್ಸಿನಲ್ಲೇ ಬನ್ನಿ, ಹಿಂದಿನ ಗಾಲಿಯ ಮೇಲಿನ ಸೀಟು ನಿಮಗಾಗಿ ಖಾಲಿ ಇಟ್ಟಿದ್ದೇವೆ. ಬೇವಿನ ಮರದ ಕೆಳಗೆ, ನನ್ನ ಅಕ್ಕ ಬಗ್ಗಿ ನಿಂತಿದ್ದ ಜಾಗದಲ್ಲಿ ನಿಲ್ಲಿ. ಅವರ ಹೆಸರು ಹಿಡಿದು, ಬಹುವಚನದಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ,

ಕ್ಷಮೆ ಕೇಳಿರಿ.